ಒಂದೆಲಗ, ಬೂತಾಯಿ ಮತ್ತು ಪ್ರಯೋಗಾಲಯದ ಇಲಿ: ಆಹಾರದಿಂದ ನೆನಪಿನ ಶಕ್ತಿ ಹೆಚ್ಚುವುದೇ?

ಎಸ್ಸೆಸ್ಸೆಲ್ಸಿ ಪರೀಕ್ಷೆ ಸಮೀಪಿಸುತ್ತಿದ್ದಂತೆ ನಮಗೆ ಬರುವ ಪತ್ರಗಳ ಧಾಟಿಯೂ ಬದಲಾಗುತ್ತದೆ. ಮಕ್ಕಳಿಗಾಗಿ ಪ್ರಾರ್ಥಿಸಿ ಎಂಬ ಕೋರಿಕೆಗಳೇ ಹೆಚ್ಚು. ಈ ಬಾರಿ ತುಮಕೂರಿನ ಶೆಟ್ಟಿಹಳ್ಳಿಯಿಂದ ಬಂದ ಪತ್ರವೊಂದು ಪ್ರಾರ್ಥನೆಯ ಜೊತೆಗೆ ಒಂದು ಪ್ರಶ್ನೆಯನ್ನೂ ಇಟ್ಟಿತ್ತು. (ಶೆಟ್ಟಿಹಳ್ಳಿ ಎಂದೊಡನೆ ನಮ್ಮವರಿಗೆ ನೆನಪಾಗುವುದು ಹೇಮಾವತಿಯ ಹಿನ್ನೀರಿನಲ್ಲಿ ಮುಳುಗೇಳುವ ಹಾಸನ ಜಿಲ್ಲೆಯ ಹಳೆಯ ಇಗರ್ಜಿ. ಇದು ಆ ಶೆಟ್ಟಿಹಳ್ಳಿಯಲ್ಲ, ತುಮಕೂರು ನಗರದ ಬಡಾವಣೆ.) ಉದ್ಯೋಗ ನಿಮಿತ್ತ ಕರಾವಳಿಯಿಂದ ಹೋಗಿ ಅಲ್ಲಿ ನೆಲೆಸಿರುವ ಕುಟುಂಬದ ತಾಯಿಯೊಬ್ಬರು ಬರೆದಿದ್ದರು. ಮಗಳು ಹತ್ತನೇ ತರಗತಿ. ಓದಿದ್ದು ನೆನಪಿನಲ್ಲಿ ಉಳಿಯುವುದಿಲ್ಲ ಎಂದು ಅಳುತ್ತಾಳೆ. ಬೆಳಿಗ್ಗೆ ಟ್ಯೂಷನ್ನಿಗೆ ಓಡುವ ಅವಸರದಲ್ಲಿ ತಿಂಡಿ ಬಿಡುತ್ತಾಳೆ. ಹಾಲಿಗೆ ಬೆರೆಸುವ ಪುಡಿಯೊಂದನ್ನೂ ಸ್ಮರಣಶಕ್ತಿಯ ಮಾತ್ರೆಗಳನ್ನೂ ಅಂಗಡಿಯವರು ಕೊಟ್ಟಿದ್ದಾರೆ. ಮಾತ್ರೆಯ ಡಬ್ಬಿಯ ಮೇಲೆ 'ಪ್ರಯೋಗಾಲಯದಲ್ಲಿ ಸಾಬೀತಾಗಿದೆ' ಎಂದು ಬರೆದಿದೆ. "ಫಾದರ್, ಇದು ನಿಜವೇ? ತಿಂಗಳಿಗೆ ಇಷ್ಟು ಹಣ ಹಾಕಬಹುದೇ?"

ಇದು ಒಂದು ಮನೆಯ ಪ್ರಶ್ನೆಯಲ್ಲ. ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟೋ ತಾಯಂದಿರು ಇದೇ ಪ್ರಶ್ನೆಯನ್ನು ಕೇಳುತ್ತಾರೆ. ನಾವು ವೈದ್ಯರಲ್ಲ. ಆದರೆ 'ಪ್ರಯೋಗಾಲಯದಲ್ಲಿ ಸಾಬೀತು' ಎಂಬ ಮಾತಿನ ಹಿಂದೆ ಏನಿದೆ ಎಂಬುದನ್ನು ಓದಿ ತಿಳಿದು ಓದುಗರ ಮುಂದಿಡುವುದು ನಮ್ಮಿಂದ ಆಗುವ ಕೆಲಸ. ಇದರಲ್ಲಿ ನಮ್ಮ ಕರಾವಳಿಗೆ ಹೆಮ್ಮೆ ತರುವ ಸಂಗತಿಯೂ ಇದೆ, ಎಚ್ಚರಿಕೆಯೂ ಇದೆ.

ಮಣಿಪಾಲದ ಇಲಿಗಳು

ಒಂದೆಲಗ ನಮಗೆಲ್ಲ ಗೊತ್ತಿರುವ ಸೊಪ್ಪು. ತುಳುವಿನಲ್ಲಿ ತಿಮರೆ. ಗದ್ದೆಯ ಬದುವಿನಲ್ಲಿ, ಬಾವಿಕಟ್ಟೆಯ ತಂಪಿನಲ್ಲಿ ತಾನಾಗಿ ಹಬ್ಬುತ್ತದೆ. ತೆಂಗಿನಕಾಯಿ, ಹಸಿಮೆಣಸು, ಹುಣಸೆ ಸೇರಿಸಿ ಅರೆದರೆ ಗಂಜಿಯೂಟಕ್ಕೆ ಒಳ್ಳೆಯ ಚಟ್ನಿ. 'ತಿಮರೆ ತಿಂದರೆ ಬುದ್ಧಿ ಚುರುಕಾಗುತ್ತದೆ' ಎಂದು ನಮ್ಮ ಅಜ್ಜಿಯಂದಿರು ಹೇಳುತ್ತಿದ್ದರು. ಈ ಮಾತನ್ನು ಪರೀಕ್ಷೆಗೆ ಒಡ್ಡಿದವರು ಮಣಿಪಾಲದ ಸಂಶೋಧಕರು. ಕೆ.ಜಿ. ಮೋಹನದಾಸ ರಾವ್, ಎಸ್. ಮುದ್ದಣ್ಣ ರಾವ್ ಮತ್ತು ಎಸ್. ಗುರುಮಧ್ವ ರಾವ್ ಅವರು 2005 ಮತ್ತು 2006ರಲ್ಲಿ ಪ್ರಕಟಿಸಿದ ಅಧ್ಯಯನಗಳು ಇಂದಿಗೂ ಈ ವಿಷಯದಲ್ಲಿ ಉಲ್ಲೇಖವಾಗುತ್ತವೆ.

ಅವರು ಮಾಡಿದ್ದು ಹೀಗೆ. ಹುಟ್ಟಿ ಏಳು ದಿನಗಳಾದ ಇಲಿಮರಿಗಳನ್ನು ಗುಂಪುಗಳಾಗಿ ವಿಂಗಡಿಸಿದರು. ಒಂದೆಲಗದ ತಾಜಾ ಎಲೆಯ ರಸವನ್ನು ದೇಹತೂಕದ ಪ್ರತಿ ಕಿಲೋಗ್ರಾಂಗೆ 2, 4 ಅಥವಾ 6 ಮಿಲಿಲೀಟರ್ ಪ್ರಮಾಣದಲ್ಲಿ ಕೆಲವು ಗುಂಪುಗಳಿಗೆ ಎರಡು ವಾರ, ಕೆಲವಕ್ಕೆ ನಾಲ್ಕು ವಾರ, ಕೆಲವಕ್ಕೆ ಆರು ವಾರ ಕೊಟ್ಟರು. ರಸ ಕೊಡದ ಮರಿಗಳನ್ನು ಹೋಲಿಕೆಗಾಗಿ ಇಟ್ಟುಕೊಂಡರು. ಆಮೇಲೆ ಕಲಿಕೆಯ ಪರೀಕ್ಷೆ.

ಇಲಿಗೆ ಪರೀಕ್ಷೆ ಎಂದರೇನು ಎಂದು ಓದುಗರು ಕೇಳಬಹುದು. ಒಂದು ವಿಧಾನ, ಇಂಗ್ಲಿಷಿನ 'ಟಿ' ಅಕ್ಷರದ ಆಕಾರದ ದಾರಿ. ಬುಡದಲ್ಲಿ ಬಿಟ್ಟ ಇಲಿ ಕವಲಿನಲ್ಲಿ ಎಡಕ್ಕೋ ಬಲಕ್ಕೋ ತಿರುಗಬೇಕು. ಆಹಾರ ಯಾವ ತುದಿಯಲ್ಲಿದೆ ಎಂಬುದನ್ನು ಅದು ನೆನಪಿಟ್ಟುಕೊಳ್ಳುತ್ತದೆಯೇ ಎಂದು ನೋಡುತ್ತಾರೆ. ಇನ್ನೊಂದು, ಬೆಳಕಿನ ಕೋಣೆ ಮತ್ತು ಕತ್ತಲೆಯ ಕೋಣೆ. ಇಲಿಗೆ ಕತ್ತಲೆ ಇಷ್ಟ, ಬೇಗ ಒಳಗೆ ನುಗ್ಗುತ್ತದೆ. ಅಲ್ಲಿ ಪಾದಕ್ಕೆ ಸಣ್ಣ ವಿದ್ಯುತ್ ಆಘಾತ ಸಿಗುತ್ತದೆ. ಮರುದಿನ ಅದೇ ಬಾಗಿಲ ಬಳಿ ಎಷ್ಟು ಹೊತ್ತು ಹಿಂಜರಿಯುತ್ತದೆ ಎಂಬುದು ನೆನಪಿನ ಅಳತೆ. ಮೂರನೆಯದು ಜಗತ್ತಿನಾದ್ಯಂತ ಹೆಚ್ಚು ಬಳಕೆಯಲ್ಲಿರುವ ನೀರಿನ ತೊಟ್ಟಿಯ ಪರೀಕ್ಷೆ. ಬ್ರಿಟನ್ನಿನ ರಿಚರ್ಡ್ ಮಾರಿಸ್ 1981ರಲ್ಲಿ ಇದನ್ನು ಪ್ರಕಟಿಸಿದರು. ದೊಡ್ಡ ದುಂಡು ತೊಟ್ಟಿಯ ನೀರನ್ನು ಹಾಲಿನಂತೆ ಬೆಳ್ಳಗೆ ಮಾಡಿ, ನೀರಿನ ಮಟ್ಟಕ್ಕಿಂತ ತುಸು ಕೆಳಗೆ ಒಂದು ಪುಟ್ಟ ಮಣೆಯನ್ನು ಅಡಗಿಸಿಡುತ್ತಾರೆ. ಇಲಿ ಈಜುತ್ತಾ ಗೋಡೆಯ ಗುರುತುಗಳನ್ನು ನೋಡಿಕೊಂಡು ಮಣೆಯ ಜಾಗ ಕಲಿಯುತ್ತದೆ. ಕೆಲವು ದಿನಗಳ ತರಬೇತಿಯ ಬಳಿಕ ಮಣೆಯನ್ನೇ ತೆಗೆದುಬಿಟ್ಟರೂ ಕಲಿತ ಇಲಿ ಅದೇ ಜಾಗದಲ್ಲಿ ಸುತ್ತು ಹಾಕುತ್ತದೆ.

ಮಣಿಪಾಲದ ಫಲಿತಾಂಶಕ್ಕೆ ಬರೋಣ. ಹೆಚ್ಚು ಪ್ರಮಾಣದ ರಸವನ್ನು ಹೆಚ್ಚು ವಾರ ಕುಡಿದ ಮರಿಗಳು ಚೆನ್ನಾಗಿ ಕಲಿತವು. ಸಂಶೋಧಕರು ಅಷ್ಟಕ್ಕೆ ನಿಲ್ಲಲಿಲ್ಲ. ಮೆದುಳಿನಲ್ಲಿ ನೆನಪಿಗೆ ಮುಖ್ಯವಾದ ಒಂದು ಭಾಗವಿದೆ, ಹಿಪೊಕ್ಯಾಂಪಸ್. ನೋಡಲು ಸಮುದ್ರಕುದುರೆಯಂತೆ ಕಂಡದ್ದರಿಂದ ಗ್ರೀಕ್ ಭಾಷೆಯ ಆ ಹೆಸರು. ಇಟಲಿಯ ಕಮಿಲ್ಲೊ ಗಾಲ್ಜಿ 1873ರಲ್ಲಿ ಕಂಡುಹಿಡಿದ ಬೆಳ್ಳಿಯ ಬಣ್ಣಗಾರಿಕೆಯಿಂದ ಅಲ್ಲಿನ ನರಕೋಶಗಳನ್ನು ಕಪ್ಪಾಗಿಸಿ, ಸೂಕ್ಷ್ಮದರ್ಶಕದಲ್ಲಿ ಅವುಗಳ ರೆಂಬೆಗಳನ್ನು ಎಣಿಸಿದರು. 4 ಮತ್ತು 6 ಮಿಲಿಲೀಟರ್ ರಸವನ್ನು ನಾಲ್ಕು ಮತ್ತು ಆರು ವಾರ ಪಡೆದ ಮರಿಗಳಲ್ಲಿ ನರಕೋಶಗಳ ರೆಂಬೆಗಳು ಹೆಚ್ಚು ಕವಲೊಡೆದಿದ್ದವು. ಬೆಳೆದ ಇಲಿಗಳಲ್ಲೂ ಕಲಿಕೆ ಸುಧಾರಿಸಿತೆಂದು ಈ ಸಂಶೋಧಕರು ಮುಂದೆ ವರದಿ ಮಾಡಿದರು. ಇದಕ್ಕೂ ಮುನ್ನ, 2001ರ ಸುಮಾರಿಗೆ, ಕಿರಣ್ಮಯಿ ರೈ ಮತ್ತು ಸಂಗಡಿಗರು ಶಂಖಪುಷ್ಪದ ಬೇರಿನ ಸಾರವನ್ನು ಮರಿ ಇಲಿಗಳಿಗೆ ಕೊಟ್ಟು ಇಂಥದೇ ಫಲ ಕಂಡಿದ್ದರು. ಲಕ್ನೋದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ನೀರು ಬ್ರಾಹ್ಮಿಯ ಮೇಲಿನ ಇಲಿ ಪ್ರಯೋಗ 1982ರಷ್ಟು ಹಳೆಯದು. ನಮ್ಮಲ್ಲಿ ಒಂದೆಲಗವನ್ನೇ ಬ್ರಾಹ್ಮಿ ಎನ್ನುವವರಿದ್ದಾರೆ. ಇವೆರಡೂ ಬೇರೆ ಬೇರೆ ಗಿಡಗಳು. ಡಬ್ಬಿ ಕೊಳ್ಳುವವರು ಒಳಗಿರುವುದು ಯಾವುದು ಎಂದಾದರೂ ಓದಬೇಕು.

ಹಾಗಾದರೆ ಅಜ್ಜಿಯ ಮಾತು ನಿಜವೇ? ಇಲಿಯ ಮಟ್ಟಿಗೆ ನಿಜಕ್ಕೆ ಹತ್ತಿರ ಎನ್ನಬಹುದು. ಡಬ್ಬಿಯ ಮೇಲಿನ ಮಾತು ನಿಜವೇ? ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಬೇಕು.

ಕಿಲೋಗ್ರಾಂಗೆ 6 ಮಿಲಿಲೀಟರ್ ಎಂದರೆ 50 ಕಿಲೋ ತೂಕದ ಹುಡುಗಿಗೆ ದಿನಕ್ಕೆ 300 ಮಿಲಿಲೀಟರ್ ರಸ. ಚಿಕ್ಕ ಪ್ರಾಣಿಯ ದೇಹ ಔಷಧವನ್ನು ವೇಗವಾಗಿ ಕರಗಿಸುವುದರಿಂದ ಔಷಧಶಾಸ್ತ್ರದವರು ಇಲಿಯ ಪ್ರಮಾಣವನ್ನು ಮನುಷ್ಯನಿಗೆ ಹೊಂದಿಸುವಾಗ ಸುಮಾರು ಆರರಿಂದ ಭಾಗಿಸುತ್ತಾರೆ. ಹಾಗೆ ನೋಡಿದರೂ ದಿನಕ್ಕೆ ಸುಮಾರು 50 ಮಿಲಿಲೀಟರ್ ಶುದ್ಧ ರಸ, ಅದೂ ವಾರಗಟ್ಟಲೆ. ಒಂದು ಮಾತ್ರೆಯಲ್ಲಿ ಇದಕ್ಕೆ ಸಮನಾದದ್ದು ಇದೆಯೇ ಎಂದು ಡಬ್ಬಿ ಹೇಳುವುದಿಲ್ಲ. ಇನ್ನು ಮನುಷ್ಯರ ಮೇಲಿನ ಪ್ರಯೋಗಗಳು. ಒಂದೆಲಗದ ಬಗ್ಗೆ ನಡೆದ ಅಂತಹ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು, ಮನಸ್ಸಿನ ಲವಲವಿಕೆಗೆ ಅದು ಸ್ವಲ್ಪ ಸಹಾಯಕವಾಗಬಹುದು, ಆದರೆ ನೆನಪು, ಗ್ರಹಿಕೆಗಳಲ್ಲಿ ಹುಸಿ ಔಷಧಕ್ಕಿಂತ ಹೆಚ್ಚಿನ ಪ್ರಯೋಜನ ಕಂಡಿಲ್ಲ ಎಂದಿತು. ಒಂದೆಲಗದ ಮಾತ್ರೆಗಳನ್ನು ವಾರಗಟ್ಟಲೆ ಸೇವಿಸಿದ ಮೂವರು ಮಹಿಳೆಯರಿಗೆ ಯಕೃತ್ತಿನ ತೊಂದರೆ ಆದದ್ದು 2005ರಲ್ಲಿ ವರದಿಯಾಗಿದೆ. ಚಟ್ನಿ ತಿನ್ನುವವರು ಹೆದರಬೇಕಾಗಿಲ್ಲ. ತಿನ್ನಿ, ರುಚಿಯಾಗಿರುತ್ತದೆ. ಮಾತ್ರೆ ಬೇರೆ ಮಾತು.

ಇಷ್ಟರಿಂದ ಪ್ರಯೋಗಾಲಯದ ಇಲಿ ನಮಗೆ ಏನೂ ಕಲಿಸುವುದಿಲ್ಲ ಎಂದು ತಿಳಿಯಬಾರದು. ನೆನಪನ್ನು ಹೆಚ್ಚಿಸುವ ವಸ್ತುವಿನ ಬಗ್ಗೆ ಅದರ ಸಾಕ್ಷ್ಯ ದುರ್ಬಲ. ನೆನಪನ್ನು ಕಸಿದುಕೊಳ್ಳುವ ಕೊರತೆಯ ಬಗ್ಗೆ ಅದರ ಸಾಕ್ಷ್ಯ ಬಹಳ ಗಟ್ಟಿ. ಜಾಹೀರಾತುಗಳು ಮೊದಲನೆಯದನ್ನು ಮಾತ್ರ ಹೇಳುತ್ತವೆ. ಎರಡನೆಯದನ್ನು ಮಾರಲು ಬರುವುದಿಲ್ಲವಲ್ಲ.

ಕಬ್ಬಿಣದ ಕಥೆ

ಇಲಿಯ ಮೆದುಳು ಹುಟ್ಟಿದ ಮೇಲಿನ ಮೂರು ವಾರಗಳಲ್ಲಿ ಅತಿ ವೇಗವಾಗಿ ಬೆಳೆಯುತ್ತದೆ. ಮನುಷ್ಯನಲ್ಲಿ ಇದೇ ಹಂತ ತಾಯಿಯ ಗರ್ಭದ ಕೊನೆಯ ಮೂರು ತಿಂಗಳಲ್ಲಿ ಆರಂಭವಾಗಿ ಮಗುವಿನ ಎರಡನೇ ವರ್ಷದವರೆಗೆ ಸಾಗುತ್ತದೆ. ಬ್ರಿಟನ್ನಿನ ಜಾನ್ ಡಾಬಿಂಗ್ ಮೊದಲಾದವರು ಇದನ್ನು ವಿವರಿಸಿದ ಮೇಲೆ, ಈ ಅವಧಿಯಲ್ಲಿ ಹಸಿವು ಏನು ಮಾಡುತ್ತದೆ ಎಂದು ತಿಳಿಯಲು ನೂರಾರು ಪ್ರಯೋಗಗಳು ನಡೆದವು. ಕೆಲವೊಮ್ಮೆ ವಿಧಾನ ತುಂಬಾ ಸರಳ. ಒಂದು ತಾಯಿ ಇಲಿಯ ಬಳಿ ನಾಲ್ಕೈದು ಮರಿಗಳ ಬದಲು ಹದಿನೈದಕ್ಕೂ ಹೆಚ್ಚು ಮರಿ ಬಿಟ್ಟರೆ ಸಾಕು, ಯಾರಿಗೂ ಹಾಲು ಸಾಲದು.

ಇವುಗಳಲ್ಲಿ ಕಬ್ಬಿಣಾಂಶದ ಪ್ರಯೋಗಗಳು ನಮ್ಮನ್ನು ಹೆಚ್ಚು ಕಾಡಿದವು. ಬಸುರಿ ಮತ್ತು ಬಾಣಂತಿ ಇಲಿಗಳಿಗೆ ಕಬ್ಬಿಣ ಕಡಿಮೆಯಿರುವ ಆಹಾರ ಕೊಟ್ಟು, ಆಮೇಲೆ ಮರಿಗಳಿಗೆ ಬೇಕಾದಷ್ಟು ಕಬ್ಬಿಣ ಕೊಟ್ಟು ನೋಡಿದರು. ರಕ್ತ ಸರಿಯಾಯಿತು. ಆದರೆ ಮೆದುಳಿನ ಕಬ್ಬಿಣವೂ ನಡವಳಿಕೆಯೂ ಪೂರ್ತಿ ಸರಿಯಾಗಲಿಲ್ಲ. ಅಮೆರಿಕದ ಬಾರ್ಬರಾ ಫೆಲ್ಟ್ ಮತ್ತು ಬೆಟ್ಸಿ ಲೊಜಾಫ್ 1996ರಲ್ಲಿ ಇದನ್ನು ಪ್ರಕಟಿಸಿದರು. ದೇಹ ತಡವಾಗಿ ಬಂದದ್ದನ್ನೂ ಸ್ವೀಕರಿಸುತ್ತದೆ, ಮೆದುಳಿನ ಕೆಲವು ಕೆಲಸಗಳಿಗೆ ಹೊತ್ತು ಮೀರಿರುತ್ತದೆ.

ಈಗ ನಮ್ಮ ರಾಜ್ಯದ ಅಂಕಿ ನೋಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ. 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48. ಅದರ ಹಿಂದಿನ ಸಮೀಕ್ಷೆಗಿಂತ ಎರಡೂ ಹೆಚ್ಚಾಗಿದ್ದವು. ಇದು ಬಡವರ ಮನೆಯ ವಿಷಯ ಮಾತ್ರವೆಂದು ತಿಳಿಯುವುದು ತಪ್ಪು. ಹೆಂಚಿನ ಮನೆಯಲ್ಲೂ ತಾರಸಿ ಮನೆಯಲ್ಲೂ ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ತಾಯಂದಿರಿದ್ದಾರೆ.

ಹತ್ತನೇ ತರಗತಿಯ ಹುಡುಗಿಗೆ ನೇರವಾಗಿ ಸಂಬಂಧಿಸಿದ ಅಧ್ಯಯನವೊಂದಿದೆ, ಇದು ಇಲಿಗಳ ಮೇಲಲ್ಲ. ಅಮೆರಿಕದ ಬಾಲ್ಟಿಮೋರ್ ನಗರದ ಹೈಸ್ಕೂಲು ಹುಡುಗಿಯರಲ್ಲಿ, ರಕ್ತಹೀನತೆ ಇನ್ನೂ ಬಂದಿರದ ಆದರೆ ದೇಹದ ಕಬ್ಬಿಣದ ದಾಸ್ತಾನು ಕಡಿಮೆಯಾಗಿದ್ದವರನ್ನು ಆರಿಸಿ, ಅರ್ಧದಷ್ಟು ಮಂದಿಗೆ ಎಂಟು ವಾರ ಕಬ್ಬಿಣದ ಮಾತ್ರೆ, ಉಳಿದವರಿಗೆ ಹುಸಿ ಮಾತ್ರೆ ಕೊಟ್ಟರು. ಕಬ್ಬಿಣ ಪಡೆದವರು ಪದಗಳನ್ನು ಕಲಿತು ನೆನಪಿಡುವ ಪರೀಕ್ಷೆಯಲ್ಲಿ ಮುಂದಿದ್ದರು. 1996ರಲ್ಲಿ ಇದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಓದಿದ್ದು ನಿಲ್ಲುವುದಿಲ್ಲ ಎಂದು ಅಳುವ ಹುಡುಗಿಯರಲ್ಲಿ ಎಷ್ಟು ಮಂದಿಯ ರಕ್ತವನ್ನು ನಾವು ಪರೀಕ್ಷಿಸಿದ್ದೇವೆ? ಹಿಮೋಗ್ಲೋಬಿನ್ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ಆಗುತ್ತದೆ. 2013ರಲ್ಲಿ ದೇಶದಾದ್ಯಂತ ಆರಂಭವಾದ ಯೋಜನೆಯಂತೆ ಶಾಲೆಗಳಲ್ಲಿ ಹದಿಹರೆಯದವರಿಗೆ ವಾರಕ್ಕೊಂದು ನೀಲಿ ಬಣ್ಣದ ಕಬ್ಬಿಣ-ಫೋಲಿಕ್ ಆಮ್ಲದ ಮಾತ್ರೆ ಸಿಗುತ್ತದೆ. ಹೊಟ್ಟೆ ತೊಳಸುತ್ತದೆ ಎಂದು ಮಕ್ಕಳು ಅದನ್ನು ಕಿಟಕಿಯಿಂದ ಆಚೆ ಎಸೆಯುತ್ತಾರೆ ಎಂಬುದು ಶಿಕ್ಷಕರಿಗೆಲ್ಲ ಗೊತ್ತು. ಖಾಲಿ ಹೊಟ್ಟೆಯಲ್ಲಿ ನುಂಗಿದರೆ ತೊಳಸುವುದು ಸಹಜ, ಊಟದ ಮೇಲೆ ನುಂಗಿಸಬೇಕು. ಊಟದ ಜೊತೆಗೇ ಚಹಾ ಕುಡಿದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ, ಲಿಂಬೆರಸ ಹಿಂಡಿದರೆ ಚೆನ್ನಾಗಿ ಹತ್ತುತ್ತದೆ.

ಗರ್ಭಿಣಿಯರ ಆಹಾರ ಮತ್ತು ಮಕ್ಕಳ ಕಲಿಕೆಯ ಬಗ್ಗೆ ನಮ್ಮ ರಾಜ್ಯದಲ್ಲೇ ಒಳ್ಳೆಯ ಕೆಲಸ ನಡೆದಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಮಿಷನ್ ಆಸ್ಪತ್ರೆಯಲ್ಲಿ 1997-98ರಲ್ಲಿ ನೋಂದಾಯಿಸಿಕೊಂಡ ಗರ್ಭಿಣಿಯರ ಮಕ್ಕಳನ್ನು ವರ್ಷಗಟ್ಟಲೆ ಅನುಸರಿಸಿದರು. 2010ರಲ್ಲಿ ಪ್ರಕಟವಾದ ವರದಿಯಂತೆ, ಗರ್ಭಾವಸ್ಥೆಯಲ್ಲಿ ತಾಯಿಯ ರಕ್ತದಲ್ಲಿ ಫೋಲೇಟ್ ಹೆಚ್ಚಿದ್ದ ಮಕ್ಕಳು 9-10ನೇ ವಯಸ್ಸಿನ ಬುದ್ಧಿಶಕ್ತಿ ಪರೀಕ್ಷೆಗಳಲ್ಲಿ ಹೆಚ್ಚು ಅಂಕ ಪಡೆದರು. ಫೋಲೇಟ್ ಎಂದರೆ ಸೊಪ್ಪು, ಬೇಳೆಕಾಳು. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿಯ ಆಶ್ರಯದಲ್ಲಿ 1963ರಲ್ಲಿ ಆರಂಭವಾದ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಗರ್ಭಿಣಿಯರಿಗೆ ಬಿ12 ಜೀವಸತ್ವ ಕೊಟ್ಟು ನೋಡಿದ ಪ್ರಯೋಗವೂ ಇದೆ. ಒಂಬತ್ತು ತಿಂಗಳ ಮಕ್ಕಳಲ್ಲಿ ವ್ಯತ್ಯಾಸ ಕಾಣಲಿಲ್ಲ, ಎರಡೂವರೆ ವರ್ಷಕ್ಕೆ ಮಾತಾಡುವ ಸಾಮರ್ಥ್ಯದಲ್ಲಿ ಸ್ವಲ್ಪ ಮುನ್ನಡೆ ಕಂಡಿತು. ಮನುಷ್ಯರ ಅಧ್ಯಯನ ಹೀಗೆಯೇ, ಇಲಿಗಳಂತೆ ಖಚಿತ ಉತ್ತರ ಕೊಡುವುದಿಲ್ಲ.

ಸಕ್ಕರೆ ಮತ್ತು ಮೀನು

ಕೊರತೆಯಂತೆ ಅತಿಯೂ ಇಲಿಯ ನೆನಪನ್ನು ಕೆಡಿಸುತ್ತದೆ. ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಫರ್ನಾಂಡೊ ಗೋಮೆಜ್-ಪಿನಿಲ್ಲಾ ಅವರ ತಂಡ 2002ರಲ್ಲಿ ಕೊಬ್ಬು ಮತ್ತು ಸಂಸ್ಕರಿತ ಸಕ್ಕರೆ ಹೆಚ್ಚಿರುವ ಆಹಾರ ತಿಂದ ಇಲಿಗಳು ನೀರಿನ ತೊಟ್ಟಿಯಲ್ಲಿ ಹಿಂದೆ ಬಿದ್ದದ್ದನ್ನು ತೋರಿಸಿತು. ನರಕೋಶಗಳ ಬೆಳವಣಿಗೆಗೆ ಬೇಕಾದ ಒಂದು ಪ್ರೋಟೀನು ಹಿಪೊಕ್ಯಾಂಪಸ್‌ನಲ್ಲಿ ಕಡಿಮೆಯಾಗಿತ್ತು. ಆಕ್ಸ್‌ಫರ್ಡ್‌ನಲ್ಲಿ 2009ರ ಪ್ರಯೋಗದಲ್ಲಿ ಇಷ್ಟು ಕಾಲವೂ ಬೇಕಾಗಲಿಲ್ಲ. ಕೊಬ್ಬು ತುಂಬಿದ ಆಹಾರಕ್ಕೆ ಬದಲಾಯಿಸಿದ ಇಲಿಗಳು ಒಂಬತ್ತೇ ದಿನಗಳಲ್ಲಿ ಓಟದಲ್ಲೂ ಸೋತವು, ಕಲಿತ ದಾರಿಯಲ್ಲೂ ಹೆಚ್ಚು ತಪ್ಪಿದವು.

2012ರ ಪ್ರಯೋಗ ನಮ್ಮ ಮೀನುಪ್ರಿಯರಿಗೆ ಇಷ್ಟವಾಗುತ್ತದೆ. ರಾಹುಲ್ ಅಗರ್ವಾಲ್ ಮತ್ತು ಗೋಮೆಜ್-ಪಿನಿಲ್ಲಾ ಇಲಿಗಳಿಗೆ ಮೊದಲು ಐದು ದಿನ ದಾರಿ ಹುಡುಕಲು ಕಲಿಸಿದರು. ಆಮೇಲೆ ಆರು ವಾರ ಕುಡಿಯುವ ನೀರಿನಲ್ಲಿ ಫ್ರಕ್ಟೋಸ್ ಸಕ್ಕರೆ ಬೆರೆಸಿದರು. ಒಂದು ಗುಂಪಿಗೆ ಒಮೆಗಾ-3 ಕೊಬ್ಬಿನಾಮ್ಲ ಕೊಟ್ಟರು, ಇನ್ನೊಂದಕ್ಕೆ ಅದು ಇಲ್ಲದ ಆಹಾರ. ಒಮೆಗಾ-3 ಇಲ್ಲದೆ ಸಿಹಿನೀರು ಕುಡಿದ ಇಲಿಗಳು ಕಲಿತ ದಾರಿಯನ್ನು ಮರೆತು ತಡಕಾಡಿದವು. ಒಮೆಗಾ-3 ಇದ್ದವು ಬಹಳಷ್ಟು ಉಳಿಸಿಕೊಂಡವು.

ಒಮೆಗಾ-3 ಎಂಬ ಹೆಸರು ದೊಡ್ಡದು, ವಸ್ತು ನಮ್ಮ ಮೀನು ಮಾರುಕಟ್ಟೆಯ ಬುಟ್ಟಿಯಲ್ಲಿದೆ. ಬೂತಾಯಿ, ಬಂಗುಡೆಯಂತಹ ಎಣ್ಣೆಯಂಶದ ಮೀನುಗಳಲ್ಲಿ ಇದು ಧಾರಾಳ. ಅತಿಥಿ ಬಂದಾಗ ಅಂಜಲ್ ಹುರಿದು, ಬೂತಾಯಿಯನ್ನು ಬಡವರ ಮೀನೆಂದು ಮೂಗು ಮುರಿಯುವವರು ಇದನ್ನು ಗಮನಿಸಲಿ. ತುಮಕೂರಿನಲ್ಲಿ ದಿನವೂ ತಾಜಾ ಬೂತಾಯಿ ಸಿಗಲಿಕ್ಕಿಲ್ಲ. ಅಗಸೆಬೀಜದಲ್ಲಿ ಒಮೆಗಾ-3ರ ಒಂದು ಬಗೆ ಇದೆ, ಆದರೆ ದೇಹ ಅದರ ಸ್ವಲ್ಪ ಭಾಗವನ್ನು ಮಾತ್ರ ಮೆದುಳಿಗೆ ಬೇಕಾದ ರೂಪಕ್ಕೆ ತರಬಲ್ಲದು. ಅಲ್ಲಿಯ ರಾಗಿ ಮುದ್ದೆ, ಸೊಪ್ಪಿನ ಸಾರು, ಹುರುಳಿ, ಅವರೆಕಾಳು ಇವೆಲ್ಲ ಒಳ್ಳೆಯ ಆಹಾರವೇ. ಜೊತೆಗೆ ಒಂದು ಮೊಟ್ಟೆ ಇದ್ದರೆ ಇನ್ನೂ ಒಳ್ಳೆಯದು. ಮೊಟ್ಟೆಯ ಹಳದಿಯಲ್ಲಿರುವ ಕೋಲೀನ್ ಎಂಬ ಪೋಷಕಾಂಶವನ್ನು ಬಸುರಿ ಇಲಿಗಳಿಗೆ ಹೆಚ್ಚಾಗಿ ಕೊಟ್ಟಾಗ ಮರಿಗಳ ನೆನಪು ಮುಪ್ಪಿನವರೆಗೂ ಚೆನ್ನಾಗಿದ್ದುದನ್ನು ಅಮೆರಿಕದ ವಾರನ್ ಮೆಕ್ ಮತ್ತಿತರರು 1980ರ ದಶಕದಿಂದ ತೋರಿಸುತ್ತಾ ಬಂದಿದ್ದಾರೆ. ಕರ್ನಾಟಕದ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಬಿಸಿಯೂಟದ ಜೊತೆ ಕೊಡುವ ಮೊಟ್ಟೆಯನ್ನು 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರದ ಆರು ದಿನಕ್ಕೆ ವಿಸ್ತರಿಸಲಾಯಿತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು. ನಮ್ಮ ಅನುದಾನಿತ ಶಾಲೆಗಳ ಮುಖ್ಯಸ್ಥರು ಇದನ್ನು ತಲೆನೋವಿನ ಲೆಕ್ಕಪತ್ರವೆಂದು ನೋಡದೆ ಪಾಠದ ಭಾಗವೆಂದು ನೋಡಬೇಕು ಎಂಬುದು ನಮ್ಮ ಅಭಿಪ್ರಾಯ.

ಹಾಲಿಗೆ ಬೆರೆಸುವ ಪುಡಿಯ ಬಗ್ಗೆ ಒಂದೇ ಮಾತು: ಡಬ್ಬಿಯ ಹಿಂಬದಿಯಲ್ಲಿ ಸಕ್ಕರೆ ಎಷ್ಟಿದೆ ಎಂದು ಓದಿ. ನಮ್ಮ ಆಹಾರ ಸುರಕ್ಷತಾ ಕಾನೂನಿನಲ್ಲಿ 'ಹೆಲ್ತ್ ಡ್ರಿಂಕ್' ಎಂಬ ವರ್ಗವೇ ಇಲ್ಲ. ಇಂತಹ ಪೇಯಗಳನ್ನು ಆ ಹೆಸರಿನ ವಿಭಾಗದಿಂದ ತೆಗೆಯಬೇಕೆಂದು ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ಸಂಸ್ಥೆಗಳಿಗೆ ಸೂಚಿಸಿತ್ತು.

ಪಂಜರದೊಳಗೆ ಒಬ್ಬಂಟಿ ಇಲಿ

ಇನ್ನೊಂದು ಪ್ರಯೋಗವನ್ನು ಹೇಳದೆ ಮುಂದೆ ಹೋಗಲಾರೆವು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾನಿಲಯದ ಡೇವಿಡ್ ಲೆವಿಟ್ಸ್ಕಿ ಮತ್ತು ರಿಚರ್ಡ್ ಬಾರ್ನ್ಸ್ 1972ರಲ್ಲಿ ಇದನ್ನು ಪ್ರಕಟಿಸಿದರು. ಎಳವೆಯಲ್ಲಿ ಹಸಿದ ಇಲಿಮರಿಗಳಲ್ಲಿ ಕೆಲವನ್ನು ಒಂಟಿಯಾಗಿ ಇಟ್ಟರು. ಕೆಲವನ್ನು ಸಾಮಾನ್ಯ ಪಂಜರದಲ್ಲಿ, ಇನ್ನು ಕೆಲವನ್ನು ಕೈಯಲ್ಲಿ ಎತ್ತಿ ಆಡಿಸುತ್ತಾ, ಸಂಗಾತಿಗಳ ಜೊತೆ, ನೋಡಲು ಆಡಲು ಬೇಕಾದಷ್ಟಿರುವ ಕಡೆ ಬೆಳೆಸಿದರು. ಒಂಟಿಯಾಗಿದ್ದವುಗಳಲ್ಲಿ ಹಸಿವಿನ ದುಷ್ಪರಿಣಾಮ ಇಮ್ಮಡಿಸಿದಂತೆ ಕಂಡಿತು. ಆಟ, ಒಡನಾಟ ಸಿಕ್ಕವುಗಳಲ್ಲಿ ಅದು ಬಹುತೇಕ ಮರೆಯಾಗಿತ್ತು. ಎರಡಕ್ಕೂ ಸಿಕ್ಕ ಆಹಾರ ಒಂದೇ.

ಇಲಿಗೆ ನಿಜವಾದದ್ದು ಮಗುವಿಗೂ ನಿಜವೇ ಎಂದು ಜಮೈಕಾದಲ್ಲಿ ಸ್ಯಾಲಿ ಗ್ರಾಂಥಮ್-ಮೆಕ್‌ಗ್ರೆಗರ್ ಮತ್ತು ಸಂಗಡಿಗರು ನೋಡಿದರು. ಕಿಂಗ್‌ಸ್ಟನ್ ನಗರದ ಬಡ ಕೇರಿಗಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದ 129 ಪುಟ್ಟ ಮಕ್ಕಳಲ್ಲಿ ಕೆಲವರಿಗೆ ಪೌಷ್ಟಿಕ ಆಹಾರ, ಕೆಲವರ ಮನೆಗೆ ಆರೋಗ್ಯ ಕಾರ್ಯಕರ್ತೆ ವಾರಕ್ಕೊಮ್ಮೆ ಹೋಗಿ ತಾಯಿಗೆ ಮಗುವಿನ ಜೊತೆ ಆಡುವುದನ್ನು ಕಲಿಸುವುದು, ಕೆಲವರಿಗೆ ಎರಡೂ, ಕೆಲವರಿಗೆ ಯಾವುದೂ ಇಲ್ಲ. 1991ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಎರಡರಿಂದಲೂ ಮಕ್ಕಳ ಬೆಳವಣಿಗೆ ಸುಧಾರಿಸಿತ್ತು, ಎರಡೂ ಸಿಕ್ಕವರು ಎಲ್ಲರಿಗಿಂತ ಮುಂದಿದ್ದರು. ಇಪ್ಪತ್ತು ವರ್ಷಗಳ ಬಳಿಕ ಅದೇ ಮಕ್ಕಳನ್ನು ಹುಡುಕಿ ನೋಡಿದಾಗ, ಆಟದ ಭೇಟಿ ಪಡೆದವರ ಸಂಪಾದನೆ ನೂರಕ್ಕೆ 25ರಷ್ಟು ಹೆಚ್ಚಿತ್ತು ಎಂದು 2014ರ ವರದಿ ಹೇಳಿತು. ಆಹಾರ ಮಾತ್ರ ಪಡೆದವರಲ್ಲಿ ಅಂತಹ ದೀರ್ಘ ಫಲ ಉಳಿದಿರಲಿಲ್ಲ.

ತುಮಕೂರಿನವರಿಗೆ ಇದು ಹೊಸದಾಗಿ ಕೇಳಿಸಲಿಕ್ಕಿಲ್ಲ. ಸಿದ್ಧಗಂಗೆಯಲ್ಲಿ 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರು ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಎಂದು ಮೂರನ್ನೂ ಒಟ್ಟಿಗೆ ಕೊಟ್ಟರು. ನಮ್ಮ ಧರ್ಮಭಗಿನಿಯರು ನಡೆಸುವ ಬೋರ್ಡಿಂಗ್‌ಗಳಲ್ಲಿ ಓದಿದ ಹಳ್ಳಿಯ ಮಕ್ಕಳೂ ಮೂರನ್ನೂ ಒಟ್ಟಿಗೆ ಪಡೆದವರೇ.

ಪ್ರಾಣಿಗಳ ಮೇಲೆ ಹೀಗೆ ಪ್ರಯೋಗ ಮಾಡಬಹುದೇ ಎಂದು ಕೇಳುವ ಓದುಗರಿಗೆ: ಮಾನವ ಜೀವದ ಆರೈಕೆಗೆ ನೆರವಾಗುವಂತಿದ್ದು, ಮಿತಿಯೊಳಗೆ ನಡೆದರೆ ಇದು ನೈತಿಕವಾಗಿ ಒಪ್ಪತಕ್ಕದ್ದು, ಆದರೆ ಅನಗತ್ಯವಾಗಿ ಪ್ರಾಣಿಗಳನ್ನು ನೋಯಿಸುವುದು ಮಾನವ ಘನತೆಗೆ ವಿರುದ್ಧ ಎಂದು ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 2417 ಮತ್ತು 2418ನೇ ಪರಿಚ್ಛೇದಗಳು ಬೋಧಿಸುತ್ತವೆ. 2015ರಲ್ಲಿ ಪೋಪ್ ಫ್ರಾನ್ಸಿಸ್ 'ಲೌದಾತೊ ಸಿ' ಪತ್ರದಲ್ಲಿ ಇದನ್ನೇ ನೆನಪಿಸಿದರು. ಹೊಸ ಡಬ್ಬಿಯ ಮಾರಾಟಕ್ಕಾಗಿ ಇಲಿಗಳನ್ನು ಕೊಲ್ಲುವುದು ಆ ಮಿತಿಯೊಳಗೆ ಬರುತ್ತದೆಯೇ ಎಂಬುದು ಯೋಚಿಸಬೇಕಾದ ವಿಷಯ.

ಉಪವಾಸ ಮತ್ತು ಭಾನುವಾರದ ಮಕ್ಕಳು

ಉಪವಾಸದಿಂದ ಬುದ್ಧಿ ಚುರುಕಾಗುತ್ತದೆ ಎಂಬ ಮಾತು ಇತ್ತೀಚೆಗೆ ಮೊಬೈಲುಗಳಲ್ಲಿ ಹರಿದಾಡುತ್ತಿದೆ. ದಿನಬಿಟ್ಟು ದಿನ ಆಹಾರ ಪಡೆದ ಇಲಿಗಳು ಕೆಲವು ಪರೀಕ್ಷೆಗಳಲ್ಲಿ ಚೆನ್ನಾಗಿ ಮಾಡಿದ್ದು ನಿಜ, ಅಮೆರಿಕದ ಮಾರ್ಕ್ ಮ್ಯಾಟ್ಸನ್ ಅವರ ತಂಡ ಈ ಬಗ್ಗೆ ಬಹಳ ಕೆಲಸ ಮಾಡಿದೆ. ಆದರೆ ಪ್ರಯೋಗಾಲಯದ ಇಲಿ ದಿನವಿಡೀ ಮುಂದಿರುವ ಆಹಾರವನ್ನು ತಿಂದು ಕೂರುವ ಪ್ರಾಣಿ, ಅದಕ್ಕೆ ಉಪವಾಸ ಹಿತವೆನಿಸಿದರೆ ಆಶ್ಚರ್ಯವಿಲ್ಲ. ಬೆಳೆಯುವ ಮಗುವಿಗೆ, ರಕ್ತಹೀನತೆಯ ಹುಡುಗಿಗೆ ಇದನ್ನು ಅನ್ವಯಿಸಬಾರದು. ನಮ್ಮ ತಪಸ್ಸು ಕಾಲದ ಉಪವಾಸ ಬುದ್ಧಿ ಚುರುಕಾಗಲೆಂದು ಮಾಡುವಂಥದ್ದೂ ಅಲ್ಲ. ಧರ್ಮಸಭೆಯ ಕಾನೂನು ಸಂಹಿತೆಯ 1252ನೇ ನಿಯಮದ ಪ್ರಕಾರ ಮಾಂಸವರ್ಜನೆ 14 ವರ್ಷ ತುಂಬಿದವರಿಗೆ, ಉಪವಾಸ 18 ತುಂಬಿದವರಿಂದ 59 ತುಂಬುವವರೆಗೆ ಮಾತ್ರ. ಹದಿನೈದರ ಹುಡುಗಿ ಪರೀಕ್ಷೆಯ ಹರಕೆಯೆಂದು ಊಟ ಬಿಟ್ಟರೆ ಮನೆಯವರು ಪ್ರೀತಿಯಿಂದ ತಡೆಯಬೇಕು.

ಧರ್ಮೋಪದೇಶ ಶಿಕ್ಷಕರಿಗೆ ಒಂದು ವಿಶೇಷ ವಿನಂತಿ. ಭಾನುವಾರ ಬೆಳಗಿನ ಬಲಿಪೂಜೆಗೆ ಬಂದು, ಆಮೇಲೆ ಒಂದು ಗಂಟೆ ಧರ್ಮೋಪದೇಶಕ್ಕೆ ಕೂರುವ ಮಕ್ಕಳಲ್ಲಿ ಎಷ್ಟು ಮಂದಿ ಹಿಂದಿನ ರಾತ್ರಿಯ ಊಟದ ಮೇಲೆ ಏನೂ ತಿಂದಿಲ್ಲ ಎಂದು ಕೇಳಿ ನೋಡಿ. ಪರಮಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ನೀರೂ ಮುಟ್ಟಬಾರದು ಎಂಬ ಹಳೆಯ ನಿಯಮ ಅಜ್ಜ ಅಜ್ಜಿಯರ ಮನಸ್ಸಿನಲ್ಲಿ ಇನ್ನೂ ಇದೆ. ಪೋಪ್ ಹನ್ನೆರಡನೇ ಪಿಯೂಸರು 1953ರಲ್ಲಿ ನೀರಿಗೆ ಅನುಮತಿ ಕೊಟ್ಟರು, 1957ರಲ್ಲಿ ಅವಧಿಯನ್ನು ಮೂರು ಗಂಟೆಗೆ ಇಳಿಸಿದರು. 1964ರಲ್ಲಿ ಪೋಪ್ ಆರನೇ ಪೌಲರು ಅದನ್ನು ಒಂದು ಗಂಟೆ ಮಾಡಿದರು. ಅದೂ ಪೂಜೆಯ ಆರಂಭಕ್ಕೆ ಅಲ್ಲ, ಪರಮಪ್ರಸಾದ ಸ್ವೀಕರಿಸುವ ಹೊತ್ತಿಗೆ ಲೆಕ್ಕ. ಏಳೂವರೆಯ ಪೂಜೆಗೆ ಬರುವ ಮಗು ಆರೂಮುಕ್ಕಾಲಿಗೆ ಎರಡು ದೋಸೆ ತಿಂದು ಬಂದರೆ ಯಾವ ನಿಯಮವೂ ಮುರಿಯುವುದಿಲ್ಲ. ಅಷ್ಟು ಬೇಗ ಎದ್ದು ದೋಸೆ ಹುಯ್ಯಲಾಗದ ಮನೆಗಳೂ ಇರುತ್ತವೆ. ಅಲ್ಲಿನ ಮಕ್ಕಳಿಗೆ ಪೂಜೆ ಮುಗಿದೊಡನೆ, ತರಗತಿಗೆ ಮೊದಲು, ಬಾಳೆಹಣ್ಣೋ ಅವಲಕ್ಕಿಯೋ ಬೇಯಿಸಿದ ಮೊಟ್ಟೆಯೋ ಕೊಡುವ ವ್ಯವಸ್ಥೆಯನ್ನು ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆಯವರೂ ವಾಳೆಯ ಗುರಿಕಾರರೂ ಸೇರಿ ಸರದಿಯಂತೆ ಮಾಡಬಹುದು. ಇದಕ್ಕೆ ಪಾಲನಾ ಪರಿಷತ್ತಿನ ಠರಾವು ಬೇಕಾಗಿಲ್ಲ.

ಶೆಟ್ಟಿಹಳ್ಳಿಯ ತಾಯಿಗೆ ನಾವು ಬರೆದ ಉತ್ತರ ಚಿಕ್ಕದು. ಡಬ್ಬಿಯ ಹಣದಲ್ಲಿ ಮೊದಲು ಮಗಳ ರಕ್ತಪರೀಕ್ಷೆ ಮಾಡಿಸಿ ವೈದ್ಯರಿಗೆ ತೋರಿಸಿ. ಟ್ಯೂಷನ್ನಿಗೆ ಹೊರಡುವ ಮೊದಲು ರಾಗಿ ರೊಟ್ಟಿಯೋ ಮೊಟ್ಟೆಯೋ ಅವಳ ಹೊಟ್ಟೆಗೆ ಬೀಳಲಿ, ಟ್ಯೂಷನ್ನಿಗೆ ಹತ್ತು ನಿಮಿಷ ತಡವಾದರೂ ಪರವಾಗಿಲ್ಲ. ರಾತ್ರಿ ನಿದ್ದೆ ಕಟ್ಟಿ ಓದಿಸಬೇಡಿ. ಅವಳು ತಿನ್ನುವಾಗ ನೀವೂ ಜೊತೆಗೆ ಕೂತು ತಿನ್ನಿ, ನಿಮ್ಮ ಹಿಮೋಗ್ಲೋಬಿನ್ನನ್ನೂ ಅದೇ ದಿನ ನೋಡಿಸಿ.